ಹಂದಿಗಿ ಹಂಗಾಮು ಗೊತ್ತೈತಿ, ಕಾಗದಕ್ಕ ಗೊತ್ತಿಲ್ಲ

ಗೋವಿನಜೋಳ ಹಾಲತೆನಿಗೆ ಬಂತು ಅಂದ್ರ ನನ್ನ ಫೋನಿಗೆ ಒಂದ ಪ್ರಶ್ನೆ ಬರಾಕ ಸುರು ಆಗತೈತಿ. "ಕಾಕಾ, ಹಂದಿ ಹೊಡಿಯಾಕ ಪರವಾನಗಿ ಸಿಗತೈತೇನ್ರಿ?" ಕಿತ್ತೂರ ಕಡೆಯವರು ಕೇಳ್ತಾರ, ಬೈಲಹೊಂಗಲ ಕಡೆಯವರು ಕೇಳ್ತಾರ, ಈಚೆಗೆ ಸವದತ್ತಿ, ರಾಮದುರ್ಗದಿಂದಾನೂ ಕೇಳಾಕತ್ತಾರ. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೋದಕ್ಕಿಂತ ಒಮ್ಮೆ ಉದ್ದಕ ಬರದ ಬಿಡೋಣ ಅಂತ ಕುಂತೇನಿ. ಕಾಯ್ದೆ ಏನ್ ಹೇಳತೈತಿ ಅನ್ನೋದು ಮೊದಲ, ನನಗ ಏನ್ ಅನಿಸತೈತಿ ಅನ್ನೋದು ಆಮ್ಯಾಲ.

ಸಣ್ಣ ಉತ್ತರ ಬೇಕಂದ್ರ ಇಷ್ಟ. ಕಾಯ್ದೆಯೊಳಗ ದಾರಿ ಐತಿ. ಆದ್ರ ನಮ್ಮ ಬೆಳಿ ಹೊಲದಾಗ ನಿಂತಿರೋ ದಿವಸದಾಗ ಆ ದಾರಿ ತೆರಿಯಂಗಿಲ್ಲ. ನನ್ನ ತಕರಾರು ಇರೋದು ಅಲ್ಲೇ.

ಮೊದಲ ಹಂದಿ ವಿಚಾರ. ಹಂದಿ ಅಡವ್ಯಾಗಿಂದ ಬರ್ತಾವ ಅನ್ನೋದು ಹಳೆ ಮಾತು. ಕಿತ್ತೂರಿನ ಪಡುವಲಕ್ಕ, ಖಾನಾಪುರದ ಕಡೆ ಅದು ಇನ್ನೂ ಖರೇನ. ಆದ್ರ ಮಲಪ್ರಭಾ ದಂಡಿ ಹಿಡದು ಕೆಳಗ ಬಂದ್ರ ಹಂದಿಗಿ ಅಡವಿ ಬೇಕಾಗಿಲ್ಲ, ಕಬ್ಬಿನ ಪಡಾನ ಅದರ ಅಡವಿ ಆಗೈತಿ. ಹನ್ನೆರಡೂ ತಿಂಗಳು ನೆರಳು, ಕುಡಿಯಾಕ ನೀರು, ತಿನ್ನಾಕ ಕಬ್ಬು, ಮರಿ ಹಾಕಾಕ ಮೆತ್ತಗ ರವದಿ. ಮುಂಗಾರಿಗೆ ಸೇಂಗಾ ಕಾಯಿ ಕಟ್ಟಿದ್ದು, ಗೋವಿನಜೋಳ ಹಾಲು ತುಂಬಿದ್ದು ಅದಕ್ಕ ವಾಸನಿ ಮ್ಯಾಲೆ ತಿಳೀತೈತಿ. ಕಾರ್ಖಾನಿ ಸುರು ಆಗಿ ಗ್ಯಾಂಗಿನವರು ಕಬ್ಬ ಕಡಿಯಾಕ ಹತ್ತಿದ್ರಂದ್ರ ಒಂದ ಪಡಾ ಬಿಟ್ಟು ಇನ್ನೊಂದ ಪಡಾಕ್ಕ ಓಡತಾವ. ನಡುವ ನಿಂತಿರೋ ಬಿಳಿಜೋಳ, ಕಡ್ಲಿ ಅದರ ದಾರಿ ಊಟ. ತಿನ್ನೋದು ಒಂದ ತೆನಿ, ಕೆಡವೋದು ಹತ್ತ ದಂಟು.

ಇನ್ನೊಂದ ಲೆಕ್ಕ ಕೇಳ್ರಿ. ಗೋವಿನಜೋಳ ಬಿತ್ತಿ ತೆನಿ ಮುರಿಯಾಕ ಸುಮಾರು ನಾಕ ತಿಂಗಳು. ಹಂದಿ ಗಬ್ಬಾಗಿ ಮರಿ ಹಾಕಾಕೂ ಹೆಚ್ಚುಕಡಿಮಿ ಅಷ್ಟ. ನೀವು ಕೂರಿಗಿ ಹೂಡಿದ ವಾರ ಗಬ್ಬಾದ ಹಂದಿ, ನೀವು ತೆನಿ ಮುರಿಯೋ ಹೊತ್ತಿಗೆ ನಾಕೈದು ಮರಿ ಹಿಂದ ಕಟಗೊಂಡು ನಿಮ್ಮ ಬದುವಿಗೆ ನಿಂತಿರತೈತಿ. ನಾಕ ತಿಂಗಳು ಅನ್ನೋ ಈ ಲೆಕ್ಕ ನೆನಪಿಟಗೋರಿ, ಮುಂದ ಬೇಕಾಗತೈತಿ.

ಈಗ ಕಾಯ್ದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಗ ಅದರೊಳಗೂ ಬೇಟೆಗೆ ಲೈಸೆನ್ಸ್ ಅನ್ನೋದು ಇತ್ತು. ಸಣ್ಣ ಬೇಟೆ, ದೊಡ್ಡ ಬೇಟೆ ಅಂತ ಪ್ರಾಣಿಗಳನ್ನ ಪಟ್ಟಿ ಮಾಡಿದ್ದರು, ಕಾಡುಹಂದಿ ದೊಡ್ಡ ಬೇಟೆಯ ಪಟ್ಟಿಯಲ್ಲಿತ್ತು. 1991ರ ತಿದ್ದುಪಡಿಯಲ್ಲಿ ಆ ಲೈಸೆನ್ಸ್ ಪದ್ಧತಿಯನ್ನೇ ತೆಗೆದು ಹಾಕಿದರು. ಅಂದಿನಿಂದ ಈ ದೇಶದಲ್ಲಿ ಬೇಟೆಗೆ ಹಂಗಾಮು ಅನ್ನೋದು ಇಲ್ಲ, ವರ್ಷದ ಎಲ್ಲಾ ದಿವಸವೂ ಬಂದ್. 2022ರಲ್ಲಿ ಮತ್ತೆ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ಪ್ರಾಣಿಗಳಿಗೆ ಮುಖ್ಯವಾಗಿ ಎರಡು ಪಟ್ಟಿ. ಚಿಗರಿ, ನವಿಲು, ತೋಳ ಒಂದನೇ ಶೆಡ್ಯೂಲಿನಲ್ಲಿ. ಕಾಡುಹಂದಿ ಎರಡನೇ ಶೆಡ್ಯೂಲಿನಲ್ಲಿ.

ಬೇಟೆ ಅಂದ್ರ ಗುಂಡು ಹಾರಿಸೋದು ಅಷ್ಟ ಅಂತ ಭಾಳ ಮಂದಿ ತಿಳಕೊಂಡಾರ. ಕಾಯ್ದೆ ಪ್ರಕಾರ ಉರುಲು ಹಾಕೋದು, ವಿಷ ಇಡೋದು, ಬಲೆಗೆ ಕೆಡವೋದು, ಅಟ್ಟಿಸಿಕೊಂಡು ಹೋಗೋದು, ಇವಕ್ಕ ಪ್ರಯತ್ನ ಮಾಡೋದು ಸೈತ ಬೇಟೆನ. ಎರಡನೇ ಶೆಡ್ಯೂಲಿನ ಪ್ರಾಣಿ ಆದ್ರ 3 ವರ್ಷದ ತನಕ ಜೈಲು ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಒಂದನೇ ಶೆಡ್ಯೂಲಿನ ಪ್ರಾಣಿ ಆದ್ರ ಕಡಿಮಿ ಅಂದ್ರ 3 ವರ್ಷ, ಹೆಚ್ಚಂದ್ರ 7 ವರ್ಷ, ದಂಡ 25 ಸಾವಿರಕ್ಕ ಕಡಿಮಿ ಇಲ್ಲ. ಹಂದಿಗಂತ ಹಾಕಿದ ಉರುಲಿಗೆ ಚಿಗರಿ ಬಿದ್ರ "ನಾ ಹಂದಿಗಿ ಹಾಕಿದ್ದೆ" ಅಂತ ಹೇಳಿ ಪಾರಾಗೋದು ಕಷ್ಟ.

ಇಂಗ್ಲಿಷರ ಕಾಲದಾಗ ಹೆಂಗಿತ್ತು? 1912ರ ಕಾಯ್ದೆ ಒಂದಿತ್ತು, ಕಾಡಪ್ರಾಣಿ, ಹಕ್ಕಿಗಳ ರಕ್ಷಣೆಗೆ. ಅದರೊಳಗ ಬೇಟೆ ಮಾಡಬಾರದ ಕಾಲ ಅಂತ ಸರ್ಕಾರ ಗೊತ್ತುಪಡಿಸತಿತ್ತು. ಅಂದ್ರ ಹಂಗಾಮಿನ ಲೆಕ್ಕ ಇತ್ತು. ಜೊತೆಗೆ ಒಂದ ಮಾತು ಬರದಿದ್ರು: ತನ್ನ ಜೀವ ಉಳಿಸ್ಕೊಳ್ಳಾಕ ಹೊಡದ್ರೂ, ಪ್ರಾಮಾಣಿಕವಾಗಿ ತನ್ನ ಆಸ್ತಿ ಉಳಿಸ್ಕೊಳ್ಳಾಕ ಹೊಡದ್ರೂ ಈ ಕಾಯ್ದೆ ಅನ್ವಯ ಆಗೋದಿಲ್ಲ ಅಂತ. 1972ರ ಕಾಯ್ದೆಯೊಳಗ ಜೀವದ ರಕ್ಷಣೆಗೆ ಆ ವಿನಾಯಿತಿ ಹಂಗ ಉಳೀತು. ಆಸ್ತಿಗೆ ಉಳೀಲಿಲ್ಲ. ಬೆಳಿ ಉಳಿಸ್ಕೊಬೇಕಂದ್ರ ಮೊದಲ ಕಾಗದ ತರಬೇಕು.

ಇದನ್ನ ತಪ್ಪು ಅಂತ ನಾ ಹೇಳೋದಿಲ್ಲ. ಹಳೆ ಪದ್ಧತಿ ಏನ್ ಮಾಡ್ತು ಅಂತ ಎಲ್ಲಾರಿಗೂ ಗೊತ್ತೈತಿ. ನಮ್ಮ ದೇಶದ ಚೀತಾ 1947ರಾಗ ಕೊರಿಯಾ ಸಂಸ್ಥಾನದಾಗ ಮೂರು ಸತ್ತವು, 1952ರಾಗ ಅದು ಇಲ್ಲೇ ಇಲ್ಲ ಅಂತ ಘೋಷಣೆ ಆತು. ಯರಿ ಬಯಲಾಗ ಅಡ್ಡಾಡತಿದ್ದ ಎರೆಭೂತ ಹಕ್ಕಿ ಈಗ ಕರ್ನಾಟಕದಾಗ ಸಿರಗುಪ್ಪ ಕಡೆ ಬೆರಳೆಣಿಕಿಗೆ ಬಂದು ನಿಂತೈತಿ. ನರಗುಂದ, ನವಲಗುಂದದ ಯರಿಯೊಳಗ ಇವತ್ತು ಚಿಗರಿ ಹಿಂಡು ಕಾಣಸತಾವ ಅಂದ್ರ ಅದಕ್ಕ ಬಂದ್ ಮಾಡಿದ ಕಾಯ್ದೆನ ದೊಡ್ಡ ಕಾರಣ. ಚಿಗರಿನೂ ಕಡ್ಲಿ ಮೇಯತಾವ, ನಷ್ಟ ಆಗತೈತಿ. ಆದ್ರ ಅದಕ್ಕ ಪರಿಹಾರ ಕೇಳೋಣ, ಬೇಲಿ ಕೇಳೋಣ. ಬಂದೂಕು ಕೇಳೋದು ಬ್ಯಾಡ. ಹಂದಿಗೂ ಚಿಗರಿಗೂ ಫರಕು ಐತಿ. ಚಿಗರಿಗೆ ಉಳದಿರೋ ಬಯಲು ಕಡಿಮಿ ಆಗಾಕತ್ತೈತಿ, ಹಂದಿಗಿ ನಾವ ವರ್ಷಾ ವರ್ಷಾ ಹೊಸ ಕಬ್ಬಿನ ಅಡವಿ ಹಚ್ಚಿ ಕೊಡಾಕತ್ತೇವಿ.

ಈಗ ಕಾಯ್ದೆಯೊಳಗ ಇರೋ ಎರಡ ದಾರಿ. ಒಂದು, 11ನೇ ಕಲಂ. ಎರಡನೇ ಶೆಡ್ಯೂಲಿನ ಪ್ರಾಣಿ ಮನುಷ್ಯರ ಜೀವಕ್ಕೋ, ಆಸ್ತಿಗೋ ಅಪಾಯ ಆಗಿದೆ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಮನವರಿಕೆ ಆದರೆ, ಕಾರಣ ಬರೆದು, ಲಿಖಿತ ಆದೇಶದ ಮೂಲಕ ಹೊಡೆಯಲು ಅನುಮತಿ ಕೊಡಬಹುದು. ಆಸ್ತಿ ಅಂದರೆ ಹೊಲದಲ್ಲಿ ನಿಂತ ಬೆಳೆಯೂ ಸೇರಿತು ಅಂತ ಕಾಯ್ದೆಯಲ್ಲೇ ಸ್ಪಷ್ಟ ಬರೆದಿದ್ದಾರೆ. ಎರಡು, 62ನೇ ಕಲಂ. ಇಂಥ ಭಾಗದಲ್ಲಿ, ಇಷ್ಟು ಅವಧಿಗೆ ಈ ಪ್ರಾಣಿ ಉಪದ್ರವಿ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು. ಹಂಗಾದರೆ ಆ ಭಾಗದಲ್ಲಿ, ಆ ಅವಧಿಗೆ ಅದಕ್ಕೆ ಕಾಯ್ದೆಯ ರಕ್ಷಣೆ ಇರೋದಿಲ್ಲ.

ಮೊದಲನೇ ದಾರಿ ಓದಾಕ ಚಲೋ ಐತಿ. ಆದ್ರ ಒಂದ ಕೊರತಿ ನೋಡ್ರಿ. ಎಷ್ಟ ದಿವಸದಾಗ ಉತ್ತರ ಕೊಡಬೇಕು ಅಂತ ಆ ಕಲಮಿನ್ಯಾಗ ಒಂದ ಸಾಲೂ ಇಲ್ಲ. ನಾ ಈ ನಾಕ ತಾಲೂಕಿನ್ಯಾಗ ಇಷ್ಟ ವರ್ಷ ಅಡ್ಡಾಡೇನಿ, ಬೆಳಿ ನಿಂತಿದ್ದಾಗ ಆ ಆದೇಶ ಕೈಯಾಗ ಹಿಡದ ರೈತನ್ನ ನಾ ಕಣ್ಣಿಲೆ ನೋಡಿಲ್ಲ. ನನಗ ಪರಿಚಯದ ರೈತ ಒಬ್ಬಾಂವ ಸೇಂಗಾ ಹೊಲಕ್ಕ ಅರ್ಜಿ ಕೊಟ್ಟಿದ್ದ. ಉತಾರ ಹಚ್ಚಿದ, ಫೋಟೋ ಹಚ್ಚಿದ. ಪಂಚನಾಮೆಗೆ ಬರೂದ್ರೊಳಗ ಸೇಂಗಾ ಕಿತ್ತು, ಹೊಲ ಹರಗಿ, ಹಿಂಗಾರಿ ಜೋಳ ಬಿತ್ತಿ ಮುಗದಿತ್ತು. ಬಂದವರು ಕೇಳಿದ್ರಂತ, "ನಷ್ಟ ಆದ ಬೆಳಿ ಎಲ್ಲೈತಿ ತೋರಸ್ರಿ" ಅಂತ.

ಇದರ ಮ್ಯಾಲ ಇನ್ನೊಂದ ಕಾಗದದ ಗೊಂದಲ ಐತಿ. 1959ರ ಶಸ್ತ್ರ ಕಾಯ್ದೆಯೊಳಗ ಬೆಳಿ ರಕ್ಷಣೆಗೆ ಮದ್ದು ತುಂಬೋ ನಳಿಗೆ ಬಂದೂಕಿಗೆ ಲೈಸೆನ್ಸ್ ಕೊಡೋ ಅವಕಾಶ ಸ್ಪಷ್ಟ ಐತಿ. ಅಂದ್ರ ಸರ್ಕಾರ ಒಂದ ಕೈಲೆ "ಬೆಳಿ ಕಾಯಾಕ ಬಂದೂಕು ಇಟಗೋ" ಅನ್ನತೈತಿ. ಆ ಬಂದೂಕಿಲೆ ಬೆಳಿ ತಿನ್ನೋ ಹಂದಿಗಿ ಹೊಡದ್ರ, ಇನ್ನೊಂದ ಇಲಾಖೆಯ ಕಾಗದ ಇಲ್ಲಂದ್ರ, ಜೈಲು. ಗಾಳ್ಯಾಗ ಸದ್ದು ಮಾಡಾಕ ಮಾತ್ರ ಬಂದೂಕು ಸಾಕೋದಾದ್ರ ಪಟಾಕಿನ ಸಾಕು.

ಆಯುಧದ ಕಾಗದ ಅಂದ್ರ ನಮ್ಮ ಭಾಗದ ಮಂದಿಗೆ ಹಳೆ ನೆನಪೂ ಐತಿ. ರಾಮದುರ್ಗದ ಆಚೆ ಮುಧೋಳ ತಾಲೂಕಿನ ಹಲಗಲಿ ಎಲ್ಲಾರಿಗೂ ಗೊತ್ತು. 1857ರಾಗ ಇಂಗ್ಲಿಷರು ಹತಾರ ಒಪ್ಪಿಸ್ರಿ ಅಂತ ಕಾಯ್ದೆ ತಂದ್ರು. ಬೇಟೆ, ಕಾವಲು ನಂಬಿದ್ದ ಬೇಡರು ಕೊಡೋದಿಲ್ಲ ಅಂದ್ರು. ಅದ ವರ್ಷ ನವೆಂಬರ್ ತಿಂಗಳಾಗ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಡಿಸೆಂಬರಿನ್ಯಾಗ ಮುಂದಾಳುಗಳನ್ನ ಗಲ್ಲಿಗೆ ಹಾಕಿದ್ರು. ಈಗಿನ ಸರ್ಕಾರ ನಮ್ಮದ, ಆ ಕಾಲ ಬ್ಯಾರೆ ಈ ಕಾಲ ಬ್ಯಾರೆ. ಆದ್ರ ಹೊಲದಾಗ ಬದುಕೋರನ್ನ ಕೇಳದ ಮಾಡಿದ ಕಾಯ್ದೆ ಊರಾಗ ಗೌರವ ಗಳಸೂದಿಲ್ಲ ಅನ್ನೋದಕ್ಕ ಅದಕ್ಕಿಂತ ಹತ್ತರದ ಉದಾಹರಣೆ ನಮಗ ಬೇಕಾಗಿಲ್ಲ.

ಕಾಗದ ಬರದಿದ್ರ ಏನಾಗತೈತಿ? ಬಾಯಿ ಬಿಟ್ಟು ಹೇಳಾಕ ಯಾರೂ ತಯಾರಿಲ್ಲ, ಆದ್ರ ಎಲ್ಲಾರಿಗೂ ಗೊತ್ತು. ರಾತ್ರಿ ಪಂಪಸೆಟ್ಟಿನ ಲೈನಿನಿಂದ ನೇರ ಕರೆಂಟು ತಂತಿಗೆ ಬಿಡ್ತಾರ. ಸಿಡಿಮದ್ದಿನ ಉಂಡಿ ಹಿಟ್ಟಿನ್ಯಾಗ ಸುತ್ತಿ ಬದುವಿಗೆ ಇಡ್ತಾರ. ಕ್ಲಚ್ ವೈರಿನ ಉರುಲು ಹಾಕ್ತಾರ. ಹಂದಿ ಸಾಯೋದಕ್ಕಿಂತ ಮೊದಲ ಯಾರ್ ಸಾಯ್ತಾರ ನೋಡ್ರಿ. ಉಂಡಿ ಕಡದು ಆಕಳದ ಬಾಯಿ ಹರದು ಹೋಗತೈತಿ. ಉರುಲಿಗೆ ತೋಳ ಬೀಳತೈತಿ, ಹಂದಿ ಮರಿ ತಿಂದು ನಮಗ ಪುಕ್ಕಟ ಕೆಲಸಾ ಮಾಡೋದು ಅದ. ತಂತಿಗೆ, ನಸಿಕಿನ್ಯಾಗ ನೀರು ತಿರವಾಕ ಹೋದ ಮನಿ ಮಗಾ ಬೀಳತಾನ. ಬೆಳಗಾವಿ, ಧಾರವಾಡ, ಹಾವೇರಿ ಪೇಪರಿನ್ಯಾಗ ಇಂಥ ಸುದ್ದಿ ಓದದ ವರ್ಷ ಇಲ್ಲ. ಆಮ್ಯಾಲ ಹೊಲದ ಮಾಲಕನ ಮ್ಯಾಲ ಅಲಕ್ಷ್ಯದಿಂದ ಸಾವು ಅಂತ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, 5 ವರ್ಷದ ತನಕ ಜೈಲು. ಮ್ಯಾಲ ಕರೆಂಟು ಕದ್ದ ಕೇಸು ಬ್ಯಾರೆ. ಎರಡೂ ಮನಿ ಹಾಳು, ಸತ್ತಾಂವಂದೂ, ತಂತಿ ಹಾಕಿದಾಂವಂದೂ. ಒಂದ ಮಾತು ಖಡಾಖಂಡಿತ ಹೇಳತೇನಿ. ಸರ್ಕಾರ ಎಷ್ಟ ತಡಾ ಮಾಡಿದ್ರೂ ಲೈನಿನ ಕರೆಂಟು ಬೇಲಿಗೆ ಬಿಡೋದಕ್ಕ ಯಾವ ಸಮಜಾಯಿಷಿನೂ ಇಲ್ಲ.

ಇಲ್ಲಿ ನಮ್ಮ ಕೆಲ ಸಂಘಟನೆಗಳ ಗೆಳ್ಯಾರ ಜೋಡಿ ನನಗ ಭಿನ್ನಾಭಿಪ್ರಾಯ ಐತಿ. ಅವರು ಕೇಳೋದು, ಹಂದಿನ ಉಪದ್ರವಿ ಅಂತ ಸಾರಿಬಿಡ್ರಿ, ಯಾರ ಬೇಕಾದ್ರೂ ಹೊಡೀಲಿ ಅಂತ. ಇದನ್ನ ಬ್ಯಾರೆ ರಾಜ್ಯದವರು ಮಾಡಿ ನೋಡ್ಯಾರ. ಬಿಹಾರದ ಕೆಲ ಜಿಲ್ಲಾದಾಗ 2015ರ ಕಡೀಗೆ ನೀಲಗಾಯಿ, ಕಾಡುಹಂದಿಗೆ ಹಂಗ ಅಧಿಸೂಚನೆ ಬಂತು. 2016ರ ಜೂನಿನ್ಯಾಗ ಮೋಕಾಮಾದಾಗ ಹೈದರಾಬಾದಿನಿಂದ ಗುರಿಕಾರರನ್ನ ಕರಿಸಿ 200ಕ್ಕೂ ಹೆಚ್ಚು ನೀಲಗಾಯಿ ಹೊಡಿಸಿದ್ರು. ಕೇಂದ್ರದ ಇಬ್ಬರು ಮಂತ್ರಿಗಳು ಬಹಿರಂಗ ಜಗಳಾ ಆಡಿದ್ರು, ರೈತನ ಮಾತು ಆ ಗದ್ದಲದಾಗ ಮುಳಗಿ ಹೋತು. ಹಿಮಾಚಲದಾಗ 2016ರಾಗ ಮಂಗ್ಯಾಗಳಿಗೆ ಹಂಗ ಸಾರಿದ್ರು, ಹೊಡಿಯಾಕ ಮಂದಿ ಮುಂದ ಬರಲಿಲ್ಲ. ಒಂದ ಕಡೆ ಒಮ್ಮೆಲೆ ಅತಿ ಆತು, ಇನ್ನೊಂದ ಕಡೆ ಏನೂ ಆಗಲಿಲ್ಲ. ನಮ್ಮ ಕಡೆ ಹಂಗ ಬಾಗಿಲಾ ತೆರದ್ರ ಮೊದಲ ಬರೋರು ರೈತರಲ್ಲ, ಮಾಂಸದ ವ್ಯಾಪಾರದವರು. ಅವರ ಉರುಲಿಗೆ ಹಂದಿ ಯಾವುದು, ಚಿಗರಿ ಯಾವುದು ಗೊತ್ತಾಗೂದಿಲ್ಲ.

ಕೇರಳದವರು ಬ್ಯಾರೆ ದಾರಿ ಹಿಡದ್ರು. ಉಪದ್ರವಿ ಅಂತ ಸಾರ್ರಿ ಅಂತ ಕೇಂದ್ರಕ್ಕ ಕೇಳಿದ್ರು, ಕೇಂದ್ರ ಒಪ್ಪಲಿಲ್ಲ. ಆವಾಗ 2022ರ ಮೇ ತಿಂಗಳಾಗ 11ನೇ ಕಲಮಿನ ಅಧಿಕಾರನ ಪಂಚಾಯತಿ ಅಧ್ಯಕ್ಷರ ಮಟ್ಟಕ್ಕ ಇಳಿಸಿದ್ರು. ಹೊಡಿಯಾಂವಗ ಲೈಸೆನ್ಸ್ ಬಂದೂಕು ಇರಬೇಕು. ವಿಷ, ಸ್ಫೋಟಕ, ಕರೆಂಟು ಬಳಸಬಾರದು. ಸತ್ತ ಹಂದಿ ಹೂಳಬೇಕು, ಲೆಕ್ಕ ಬರದ ಇಡಬೇಕು. ಗಡಿಯಾಚೆ ಕಾಸರಗೋಡಿನ ನಮ್ಮ ಕನ್ನಡದ ರೈತರಿಗೂ ಇದ ನಿಯಮ. ಅಲ್ಲೂ ಎಲ್ಲಾ ಸರಿ ಹೋಗಿಲ್ಲ. ಗುರಿ ಹೊಡಿಯಾಕ ಬರೋ ಲೈಸೆನ್ಸಿನ ಮಂದಿ ಎಲ್ಲಾ ಪಂಚಾಯತಿಯೊಳಗ ಸಿಗಲಿಲ್ಲ. ಆದ್ರೂ ಒಂದ ಮಾತು ಸಾಬೀತಾತು. ಕಾಯ್ದೆ ಬದಲಿ ಮಾಡದ, ಇದ್ದ ಕಾಯ್ದೆಯೊಳಗ ಕಾಗದವನ್ನ ಹೊಲದ ಹತ್ತರ ತರಬಹುದು.

ಹಂಗಾಮು ನೋಡಿ ನಿಯಮ ಬರಿಯಾಕ ಸರ್ಕಾರಕ್ಕ ಬರೂದಿಲ್ಲ ಅಂತಾನೂ ಅಲ್ಲ. ಕಾರವಾರ, ಮಂಗಳೂರ ಕಡೆ ಸಮುದ್ರದಾಗ ಜೂನ್ 1ರಿಂದ ಜುಲೈ 31ರ ತನಕ 61 ದಿವಸ ಯಾಂತ್ರಿಕ ಬೋಟು ಇಳಿಸೂ ಹಂಗಿಲ್ಲ. ಯಾಕಂದ್ರ ಅದು ಮೀನ ತತ್ತಿ ಹಾಕೋ ಕಾಲ. ತಾರೀಖು ಗೊತ್ತೈತಿ, ಕಾರಣ ಗೊತ್ತೈತಿ, ಮೀನುಗಾರರು ವರ್ಷದ ಲೆಕ್ಕ ಹಾಕ್ಕೊಂಡ ಇರತಾರ. ಮೀನಿನ ಹಂಗಾಮು ನೋಡಿ ಬಂದ್ ಮಾಡಾಕ ಬರೋ ಸರ್ಕಾರಕ್ಕ, ಬೆಳಿ ಹಂಗಾಮು ನೋಡಿ ಪರವಾನಗಿ ಕೊಡಾಕ ಯಾಕ ಬರಬಾರದು?

ಹಂಗಾಗಿ ನಾ ಕೇಳೋದು ಇಷ್ಟ.

1. ಹಂದಿ ವಿಷಯಕ್ಕ 11ನೇ ಕಲಮಿನ ಅಧಿಕಾರ ತಾಲೂಕಿನ್ಯಾಗ ಕುಂತಿರೋ ವಲಯ ಅರಣ್ಯಾಧಿಕಾರಿ ಕೈಯಾಗ ಇರಬೇಕು, ಅದು ಗ್ರಾಮ ಪಂಚಾಯತಿ ಹಲಗಿ ಮ್ಯಾಲ ಬರದ ಹಾಕಿರಬೇಕು.

2. ಅರ್ಜಿ ಕೊಟ್ಟ 7 ದಿವಸದಾಗ ಉತ್ತರ ಬರಬೇಕು. "ಇಲ್ಲ" ಅಂದ್ರೂ ನಡೀತೈತಿ, ಕಾರಣ ಬರದ ಕೊಡ್ರಿ. ನಾಕ ತಿಂಗಳ ಬೆಳಿಗೆ ಆರ ತಿಂಗಳ ಕಾಗದ ಉಪಯೋಗಿಲ್ಲ.

3. ಪರವಾನಗಿಗೆ ಮಿತಿ ಇರಬೇಕು. ಇಂಥ ಸರ್ವೇ ನಂಬರ, ಇಂಥ ತಾರೀಖಿನಿಂದ ಇಂಥ ತಾರೀಖು, ಇಷ್ಟ ಹಂದಿ. ಬೆಳಿ ಮನಿಗೆ ಬಂದ ದಿವಸ ಪರವಾನಗಿನೂ ಮುಗೀಬೇಕು.

4. ಹೊಡಿಯಾಂವ ತರಬೇತಿ ಆದ, ಲೈಸೆನ್ಸ್ ಇದ್ದಾಂವ ಆಗಿರಬೇಕು. ಎಲ್ಲಾರ ಕೈಗೆ ಬಂದೂಕು ಬ್ಯಾಡ. ಸತ್ತ ಹಂದಿ ಇಲಾಖೆಯವರ ಮುಂದ ಹೂಳಬೇಕು, ಮಾಂಸ ಮಾರಾಟ ಆಗಬಾರದು. ಮಾಂಸಕ್ಕ ರೊಕ್ಕ ಬಂತಂದ್ರ ಮರು ವರ್ಷ ಹಂದಿ ಇಲ್ಲದ ಹೊಲಕ್ಕೂ ಅರ್ಜಿ ಬರತಾವ.

5. ಬೇಲಿಗೆ ಲೈನಿನ ಕರೆಂಟು ಬಿಟ್ಟವರಿಗೆ, ಸಿಡಿಮದ್ದು ಇಟ್ಟವರಿಗೆ ಯಾವ ರಿಯಾಯಿತಿನೂ ಬ್ಯಾಡ. ಪರವಾನಗಿ ಸಲೀಸಾದ ಮ್ಯಾಲಂತೂ ಬ್ಯಾಡೇ ಬ್ಯಾಡ.

ಅರಣ್ಯ ಇಲಾಖೆಯ ಗೆಳ್ಯಾರು ಒಬ್ಬರು ಇದಕ್ಕ ಎದುರ ಮಾತು ಹೇಳಿದ್ರು. ಒಬ್ಬ ಗಾರ್ಡಿಗೆ ಎಷ್ಟೋ ಹಳ್ಳಿ, ಏಳ ದಿವಸದಾಗ ಎಲ್ಲಾ ಹೊಲ ನೋಡಾಕ ಆಗೂದಿಲ್ಲ ಅಂತ. ಮಾತು ಖರೆ ಐತಿ. ಆದ್ರ ನೋಡೋ ಕೆಲಸಾ ಅವರೊಬ್ಬರ ಮ್ಯಾಲ ಯಾಕ ಬೀಳಬೇಕು? ಹೊಲ ನೋಡಾಕ ತಲಾಠಿ ಅದಾರ, ಕೃಷಿ ಇಲಾಖೆಯವರು ಅದಾರ, ಪಂಚಾಯತಿ ಐತಿ. ಮೂರೂ ಮಂದಿ ಸಹಿ ಇದ್ದ ಪಂಚನಾಮೆ ಮ್ಯಾಲ ಅರಣ್ಯಾಧಿಕಾರಿ ತೀರ್ಮಾನ ಮಾಡಲಿ. ಇನ್ನೊಂದ ಮಾತು ಹೇಳಿದ್ರು, ಹೊಡದಷ್ಟಕ್ಕ ಹಂದಿ ಕಡಿಮಿ ಆಗೂದಿಲ್ಲ, ಕಬ್ಬ ಇರೋ ತನಕಾ ಇರತಾವ ಅಂತ. ಇದೂ ಖರೆ. ಪರವಾನಗಿ ಅನ್ನೋದು ಹಂದಿ ಮುಗಸಾಕಲ್ಲ, ಬೆಳಿ ನಿಂತ ನಾಕ ವಾರ ದಾಟಿಸಾಕ.

ಪರವಾನಗಿ ಬರೋ ತನಕಾ ನಮ್ಮ ಕೈಯಾಗಿನ ಕೆಲಸಾ ನಾವು ಮಾಡೋಣ. ಹಾನಿ ಆದ ದಿವಸಾನ ತಾರೀಖು ಕಾಣೋ ಹಂಗ ಫೋಟೋ ತಗೀರಿ, ಉತಾರದ ಜೋಡಿ ಲಿಖಿತ ಅರ್ಜಿ ಕೊಡ್ರಿ, ಸ್ವೀಕೃತಿ ಇಸ್ಕೊಳ್ರಿ. ಪರಿಹಾರದ ಅರ್ಜಿ ಒಂದು, 11ನೇ ಕಲಮಿನ ಅನುಮತಿಯ ಅರ್ಜಿ ಇನ್ನೊಂದು, ಎರಡೂ ಬ್ಯಾರೆ ಬ್ಯಾರೆ. ಬಾಯಿ ಮಾತಿಲೆ ಹೇಳಿ ಬಂದ್ರ ಲೆಕ್ಕಕ್ಕ ಬರೂದಿಲ್ಲ. ಒಬ್ಬನ ಎರಡ ಎಕರೆಗೆ ಸೋಲಾರ ಝಟಕಾ ಬೇಲಿ ತುಟ್ಟಿ ಆಗತೈತಿ, ಬದುವಿಗೆ ಬದು ಹತ್ತಿದ ಎಂಟ ಹತ್ತ ಮಂದಿ ಕೂಡಿ ಹಾಕಿಸಿದ್ರ ಹಗುರ ಬೀಳತೈತಿ. ಝಟಕಾ ಮಶೀನು ಕ್ಷಣಕ್ಷಣ ಬಿಟ್ಟು ಬಿಟ್ಟು ಹೊಡೀತೈತಿ, ಹೆದರಸತೈತಿ, ಕೊಲ್ಲೂದಿಲ್ಲ. ಪ್ರಮಾಣಿತ ಮಶೀನ ತಗೋರಿ, ಅದಕ್ಕ ಲೈನಿನ ವಾಯರ ಎಂದೂ ಜೋಡಸಬ್ಯಾಡ್ರಿ. ಕಬ್ಬ ಮತ್ತ ಗೋವಿನಜೋಳದ ನಡುವ ನಾಕೈದ ಮಾರು ಖಾಲಿ ಪಟ್ಟಿ ಬಿಟ್ರ ಹಂದಿ ಬಯಲಿಗೆ ಬರಾಕ ಅಂಜತೈತಿ, ಕಾಯಾಂವಗೂ ಕಾಣಸತೈತಿ.

ಮುಂದಿನ ಗ್ರಾಮಸಭೆಯೊಳಗ ನಿಮ್ಮೂರಿನ ಹೆಸರಿಲೆ ಮ್ಯಾಲಿನ ಐದು ಮಾತು ಠರಾವು ಮಾಡಸ್ರಿ. ಒಂದ ಊರಿನ ಠರಾವು ಫೈಲಿನ್ಯಾಗ ಮಲಗತೈತಿ, ನಾಕ ತಾಲೂಕಿನಿಂದ ನೂರು ಠರಾವು ಹೋದ್ರ ಯಾರಾದ್ರೂ ಓದಲೇಬೇಕಾಗತೈತಿ. ನಿಮ್ಮ ಹೊಲದಾಗ ಯಾವ ಬೆಳಿಗೆ, ಯಾವ ತಿಂಗಳಾಗ ಹಂದಿ ಹೆಚ್ಚು ಅನ್ನೋದನ್ನ ಊರಿನ ಹೆಸರು ಹಾಕಿ ನನಗ ಬರದ ಕಳಸ್ರಿ. ಎಲ್ಲಾ ಕೂಡಿಸಿ ತಿಂಗಳವಾರು ಒಂದ ಪಟ್ಟಿ ಮಾಡತೇನಿ, ಠರಾವಿನ ಜೋಡಿ ಹಚ್ಚಾಕ ಎಲ್ಲಾರಿಗೂ ಉಪಯೋಗ ಬೀಳತೈತಿ.